ಗೆರೆ ದಾಟದ ಶೂ ಗೆದ್ದುಕೊಟ್ಟ ಕಪ್

"ಇದನ್ನ ಹಾಕ್ಕೊಂಡು ಓಡಿದ್ರೆ ಆನೆಗೂ ಕಾಲು ಉಳುಕೋದಿಲ್ಲ ಕಣಯ್ಯ," ಎಂದರು ನಮ್ಮ ಭಾವ ನಂಜುಂಡಾರಾಧ್ಯರು. ಮೈಸೂರಿನ ಅವರ ಮನೆಯಂಗಳದಲ್ಲಿ ಹೊಚ್ಚ ಹೊಸ ಶೂಗಳು ಸಾಲಾಗಿ ನಿಂತಿದ್ದವು. ಒಂದೊಂದರ ಮೂತಿಯಲ್ಲೂ ಪುಟ್ಟ ಕಣ್ಣು, ಹಿಮ್ಮಡಿಯಲ್ಲಿ ಪುಟ್ಟ ಮಿದುಳು! ನೆಲ ನೋಡಿ ಕಲಿತು, ಕಾಲು ತಪ್ಪುವ ಮೊದಲೇ ಹಿಡಿದು ನಿಲ್ಲಿಸುತ್ತವಂತೆ.

ಭಾವನ ಯಂತ್ರಗಳೆಂದರೆ ನನಗೆ ನಡುಕ. ಅವರ ದೋಸೆ ಯಂತ್ರ ಮಗುಚಿದ ದೋಸೆಯನ್ನು ಎದುರುಮನೆಯ ತಾರಸಿಯಿಂದ ಇಳಿಸಿಕೊಂಡು ತಿಂದವನು ನಾನು. ಆದರೆ ಈ ಸಲ ನಗುವಂತಿರಲಿಲ್ಲ. ಅವರ ಮಗಳು ಚಿತ್ಕಲಾ ದೇಶದ ಮಹಿಳಾ ಬಾಸ್ಕೆಟ್‌ಬಾಲ್ ತಂಡದ ನಾಯಕಿ. ಹಿಂದೂ ಮಹಾಸಾಗರ ಕಪ್ ನಮ್ಮ ದೇಶಕ್ಕೆ ಒಮ್ಮೆಯೂ ದಕ್ಕಿರಲಿಲ್ಲ. ಇನ್ನೊಮ್ಮೆ ಕಾಲು ಉಳುಕಿದರೆ ಆಟ ಮರೆತುಬಿಡು ಎಂದು ವೈದ್ಯರು ಅವಳಿಗೆ ಹೇಳಿಯಾಗಿತ್ತು.

ಓಡಲು, ನೆಗೆಯಲು ಈ ಶೂ ಎಳ್ಳಷ್ಟೂ ನೆರವಾಗದೆಂದು ಪರೀಕ್ಷಿಸಿ ತೀರ್ಪುಗಾರರೂ ಒಪ್ಪಿದರು. ಇಡೀ ತಂಡ ಮೊದಲ ಸಲ ಅದನ್ನೇ ತೊಟ್ಟು ಕೊಲಂಬೊದಲ್ಲಿ ಫೈನಲ್‌ಗೆ ಇಳಿಯಿತು. ಭಾವ, ಅಕ್ಕ, ನಾನು ಮುಂದಿನ ಸಾಲಿನಲ್ಲೇ ಕೂತಿದ್ದೆವು.

ಚಿತ್ಕಲಾ ಚೆಂಡು ಪುಟಿಸುತ್ತಾ ಬಾಣದಂತೆ ನುಗ್ಗಿದಳು. ಬುಟ್ಟಿಯ ಮುಂದಿನ ದೊಡ್ಡ ಕಮಾನು ಗೆರೆ ಬಂದದ್ದೇ ತಡ, ಗಕ್ಕನೆ ನಿಂತಳು. ಹಿಂದೆ ಬಂದವರೂ ನಿಂತರು. ಯಾರ ಕಾಲೂ ಗೆರೆ ದಾಟಲೊಲ್ಲದು! ಎದುರಾಳಿಗಳು ಮಾತ್ರ ಮಾವನ ಮನೆಗೆ ಬಂದಂತೆ ಒಳನುಗ್ಗಿ ಎರಡೆರಡು ಅಂಕ ಬಾಚಿಕೊಂಡರು.

ಅಕ್ಕ ದಾಕ್ಷಾಯಿಣಿ ಮೆಲ್ಲಗೆ ಎದ್ದು ನಿಂತಳು. "ರೀ, ಅದು ನನ್ನ ರಂಗೋಲಿ ಗೆರೆ ಕಣ್ರೀ."

ಹೊಸಿಲ ಮುಂದೆ ಅವಳು ದಿನವೂ ಬಿಳಿ ಕಮಾನು ಗೆರೆ ಎಳೆಯುತ್ತಾಳೆ. ಶೂ ಅದನ್ನು ದಾಟಿದರೆ ಮನೆಯಲ್ಲಿ ಕುರುಕ್ಷೇತ್ರ. ಬೇಸಿಗೆಯುದ್ದಕ್ಕೂ ಶೂಗಳಿಗೆ ಪಾಠ ಹೇಳಲೆಂದು ಅಂಗಳದಲ್ಲಿ ಓಡಿದ ಭಾವ, ಅವಳ ಬೈಗುಳಕ್ಕೆ ಹೆದರಿ ಪ್ರತಿ ಸಲವೂ ಗೆರೆಯ ಹತ್ತಿರ ಗಕ್ಕನೆ ನಿಂತಿದ್ದರು. ಶೂಗಳು ಅದನ್ನೇ ಕಲಿತಿದ್ದವು. ಆಟ ಮುಗಿಯುವ ತನಕ ಕಳಚದಿರಲೆಂದು ಅವಕ್ಕೆ ಬೇರೆ ಬೀಗ!

ವಿರಾಮದಲ್ಲಿ ಚಿತ್ಕಲಾ ನಮ್ಮತ್ತ ಬಂದಳು. ಭಾವನ ಮುಖದಲ್ಲಿ ರಕ್ತವಿರಲಿಲ್ಲ. ಮಗಳ ಕನಸಿಗೆ ತಾವೇ ಕಲ್ಲು ಹಾಕಿದೆವೆಂದು ಕುಗ್ಗಿ ಕೂತಿದ್ದರು. ಅಕ್ಕನಿಂದ ವಿಷಯ ಕೇಳಿ ಅವಳು ಗೆರೆಯತ್ತ ಒಮ್ಮೆ ತಿರುಗಿ ನೋಡಿದಳು.

"ಇರ್ಲಿ ಬಿಡಪ್ಪ. ಹೊರಗೆ ನಿಂತ್ಕೊಂಡೇ ಹಾಕ್ತೀವಿ."

ಗೆರೆಯ ಹೊರಗಿನಿಂದ ಎಸೆದು ಬುಟ್ಟಿಗೆ ಹಾಕಿದರೆ ಮೂರು ಅಂಕ. ಅವರು ಎರಡು ಹಾಕಿದರೆ ನಾವು ಮೂರು, ಮತ್ತೆ ಎರಡಕ್ಕೆ ಮತ್ತೆ ಮೂರು! ಶೂ ಮಾಡಿದ್ದು ಅಡ್ಡಿಯಷ್ಟೆ. ಅಷ್ಟು ದೂರದಿಂದ ಗುರಿಯಿಟ್ಟದ್ದು ನಮ್ಮ ಹುಡುಗಿಯರ ಕೈ. ಕೊನೆಯ ಗಳಿಗೆಯಲ್ಲಿ ನಾವು ಎರಡು ಅಂಕ ಹಿಂದಿದ್ದೆವು. ಚಿತ್ಕಲಾ ಎಸೆದ ಚೆಂಡು ಬುಟ್ಟಿಯ ಅಂಚಿನಲ್ಲಿ ಸುತ್ತಿ, ಯೋಚಿಸಿ, ಒಳಗೆ ಬಿತ್ತು. ಗೆದ್ದೆವು! ನಾನು ಪಕ್ಕದಲ್ಲಿದ್ದ ಅಪರಿಚಿತನನ್ನು ಅಪ್ಪಿಕೊಂಡು ಅತ್ತುಬಿಟ್ಟೆ.

ಪದಕದ ವೇದಿಕೆಯ ಮುಂದೆಯೂ ಬಿಳಿ ಕಮಾನು ಗೆರೆ ಬಳಿದಿದ್ದರು, ಅದರ ಮೆಟ್ಟಿಲನ್ನೂ ಶೂಗಳು ಹತ್ತಲಿಲ್ಲ. ಬೀಗವೇನೋ ಬಿಟ್ಟಿತ್ತು, ಹುಡುಗಿಯರು ಅವನ್ನು ಕೆಳಗೇ ಕಳಚಿ ಬರಿಗಾಲಲ್ಲಿ ಹತ್ತಿದರು. ಇದು ಭಾರತೀಯರ ಭಕ್ತಿಯೆಂದು ಬಗೆದು ಸೋತವರೂ ಶೂ ಬಿಚ್ಚಿದರು. ರಾಷ್ಟ್ರಗೀತೆಗೆ ಇಡೀ ಕ್ರೀಡಾಂಗಣ ಎದ್ದು ನಿಂತಾಗ ಭಾವನ ಎದೆ ಒಂದು ಗೇಣು ಉಬ್ಬಿತ್ತು.

ಹಾಡು ಮುಗಿದು ಕೆಳಗಿಳಿದರೆ ನಮ್ಮವರ ಶೂ ಒಂದೂ ಇಲ್ಲ! ಯಾರೋ ಎಲ್ಲವನ್ನೂ ಹೊತ್ತೊಯ್ದಿದ್ದರು. ಭಾವ ತಲೆಯ ಮೇಲೆ ಕೈಹೊತ್ತು ಕೂತರು.

"ಬಿಡಿ ಅತ್ಲಾಗೆ," ಎಂದಳು ಅಕ್ಕ. "ಹೊರಗೆ ಬಿಟ್ಟ ಚಪ್ಪಲಿ ಕಳೆದ್ರೆ ಪೀಡೆ ಕಳೆದ ಹಾಗಂತೆ."