ನನ್ನ ಗ್ರೈಂಡರು ಪ್ರದರ್ಶನಕ್ಕೆ ಹೋದದ್ದು

ನನಗೆ ಸಿಟ್ಟು ಜಾಸ್ತಿ. ಇದನ್ನು ಒಪ್ಪಿಕೊಳ್ಳುವುದಕ್ಕೆ ನನಗೇನೂ ನಾಚಿಕೆಯಿಲ್ಲ. ಸಿಟ್ಟೇ ಬರದ ಹೆಂಗಸರನ್ನು ಕಂಡರೆ ನನಗೆ ಅನುಮಾನ. ಒಂದೋ ಅವರ ಮನೆಯಲ್ಲಿ ಗಂಡಸರಿಲ್ಲ, ಇಲ್ಲವೇ ಇರುವವರೆಲ್ಲ ದುಬೈನಲ್ಲಿದ್ದಾರೆ. ಆದರೆ ಸಿಟ್ಟು ಮಾಡಿಕೊಂಡದ್ದಕ್ಕೂ ಏನಾದರೂ ಫಲ ಸಿಗಬೇಕಲ್ಲ? ನಮ್ಮ ಮನೆಯಲ್ಲಿ ಅದಿಲ್ಲ. ನನ್ನ ದನಿಯೊಂದು ಮಾತ್ರ ಕಿವಿಗೆ ಬೀಳದ ಹಾಗೆ ನಮ್ಮ ಯಜಮಾನರು ಮದುವೆಯಾದ ಹೊಸದರಲ್ಲೇ ಏನೋ ಏರ್ಪಾಡು ಮಾಡಿಕೊಂಡಿದ್ದಾರೆ. ಬೀದಿಯಲ್ಲಿ ಹೋಗುವ ಗಾಡಿಯ ಬೇರಿಂಗ್ ಸವೆದಿದ್ದರೆ ನಡುಮನೆಯಲ್ಲಿ ಕೂತೇ ಹೇಳುತ್ತಾರೆ. ನಾನು ಪಕ್ಕದಲ್ಲೇ ನಿಂತು, "ರೀ, ಗ್ಯಾಸ್ ಬುಕ್ ಮಾಡಿದ್ರಾ?" ಅಂದರೆ ಪೇಪರಿನಿಂದ ಕಣ್ಣು ಕೀಳದೆ "ಹ್ಞೂಂ" ಎನ್ನುತ್ತಾರೆ. ಮಾಡಿರುವುದಿಲ್ಲ. ಪ್ರಶ್ನೆ ಏನೆಂದೇ ಗೊತ್ತಿರುವುದಿಲ್ಲ.

ಅವರು ಕಾರ್ಖಾನೆಯೊಂದರ ಮೆಂಟೆನೆನ್ಸ್ ವಿಭಾಗದಲ್ಲಿದ್ದು ನಿವೃತ್ತರಾದವರು. ನಿವೃತ್ತಿಯ ಹೊಸದರಲ್ಲಿ ಮನೆಯಲ್ಲಿ ಕೆಟ್ಟಿದ್ದನ್ನೆಲ್ಲ ರಿಪೇರಿ ಮಾಡಿದರು. ಆಮೇಲೆ ಕೆಡದಿದ್ದನ್ನೂ ರಿಪೇರಿ ಮಾಡಿದರು. ಅಷ್ಟರಲ್ಲಿ ಚಾಮರಾಜಪೇಟೆಯ ನಮ್ಮ ಹಿಂದಿನ ಬೀದಿಗೆ ಮೇಘನಾ ಎಂಬ ಹುಡುಗಿ ಬಾಡಿಗೆಗೆ ಬಂದಳು. ಕಲಾವಿದೆ. ಹಳೆಯ ಟೇಬಲ್ ಫ್ಯಾನುಗಳ ರೆಕ್ಕೆಗೆ ಖಾಲಿ ಹಾಲಿನ ಪ್ಯಾಕೆಟ್ಟು ಕಟ್ಟಿ ಎಲ್ಲವನ್ನೂ ಒಟ್ಟಿಗೆ ತಿರುಗಿಸುವ ಏನೋ ಒಂದನ್ನು ಮಾಡುತ್ತಿದ್ದಳು. ಫ್ಯಾನು ತಿರುಗಲಿಲ್ಲ, ಯಾರೋ ಇವರ ಹೆಸರು ಹೇಳಿದರು, ಇವರು ಸ್ಕ್ರೂಡ್ರೈವರ್ ಹಿಡಿದು ಹೊರಟರು. ಸಂಜೆ ಬಂದಾಗ ಮುಖದಲ್ಲಿ ಹೊಸ ಮದುಮಗನ ಕಳೆ. "ಅದು ಗಾಳಿಗಲ್ಲ ಕಣೇ, ಸುಮ್ನೆ ನೋಡೋಕೆ!" ಎಂದರು. ಯಂತ್ರವೆಂದರೆ ಕೆಲಸ ಮಾಡಬೇಕು ಎಂದು ಜೀವಮಾನವಿಡೀ ನಂಬಿದ್ದ ಮನುಷ್ಯನಿಗೆ, ಕೆಲಸಕ್ಕೆ ಬಾರದ ಯಂತ್ರವನ್ನು ಜನ ಬಂದು ನೋಡುತ್ತಾರೆಂದು ಅವತ್ತು ಗೊತ್ತಾಯಿತು. ನನಗೆ ಶನಿಕಾಟ ಶುರುವಾದದ್ದೂ ಅವತ್ತೇ.

ಮೊದಲು ಹೋದದ್ದು ಅವರ ಸ್ವಂತ ಸ್ಕೂಟರು. ಅದನ್ನು ಉದ್ದಕ್ಕೆ ಎರಡು ಹೋಳು ಮಾಡಿಸಿಕೊಂಡು ಬಂದು, ಒಂದು ಹೋಳನ್ನು ಅಂಗಳದ ಗೋಡೆಗೆ ಬಡಿದರು. ಹೆಡ್‌ಲೈಟಿನ ಜಾಗದಿಂದ ಸಣ್ಣಗೆ ನೀರು ಸುರಿಯುತ್ತದೆ; ಸ್ಕೂಟರು ಅಳುತ್ತಿದೆಯಂತೆ. ಟ್ಯಾಂಕರ್ ನೀರಿಗೆ ಫೋನು ಮಾಡಿ ಮಾಡಿ ನನಗೆ ಅಳು ಬರುತ್ತದೆ, ಅದನ್ನು ನೋಡಲು ಯಾರೂ ಬರುವುದಿಲ್ಲ. ಆಮೇಲೆ ನನ್ನ ಇಸ್ತ್ರಿಪೆಟ್ಟಿಗೆಗೆ ರೆಕ್ಕೆ ಬಂತು. ಕುಕ್ಕರಿನ ವೆಯ್ಟು ಕಾಣದೆ ಮನೆಯೆಲ್ಲ ಹುಡುಕಿದರೆ, ಬಚ್ಚಲಿನ ಮೇಲೆ ಇಳಿಬಿಟ್ಟ ಒಂದು ತಂತಿಯ ತುದಿಯಲ್ಲಿ ನೇತಾಡುತ್ತಿತ್ತು. ಕಾಟನ್‌ಪೇಟೆಯಲ್ಲಿ ನಮ್ಮಪ್ಪನದು ಗೋಣಿಚೀಲದ ಹೋಲ್‌ಸೇಲ್ ಅಂಗಡಿ. ಚೀಲವೊಂದು ಮೊದಲು ಅಕ್ಕಿ ಹೊತ್ತು, ಆಮೇಲೆ ಮೆಣಸಿನಕಾಯಿ ಹೊತ್ತು, ಹರಿದಮೇಲೆ ಅಂಗಡಿಯ ಬಾಗಿಲಲ್ಲಿ ಕಾಲೊರಸಾಗಿ, ಕೊನೆಗೆ ಎಳೆ ಎಳೆಯಾಗುವ ತನಕ ಅವರು ಅದನ್ನು ಬಿಡುತ್ತಿರಲಿಲ್ಲ. ಅಂಥ ಮನೆಯಿಂದ ಬಂದವಳು ನಾನು. ಗಟ್ಟಿಮುಟ್ಟಾಗಿರುವ ಸಾಮಾನು ಕೆಲಸ ಬಿಟ್ಟು ಗೋಡೆಗೆ ನೇತಾಡುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ದಿನಾ ಬೈದೆ. ದಿನಾ "ಹ್ಞೂಂ" ಎಂದರು.

ಇಷ್ಟನ್ನೂ ಹೇಗೋ ನುಂಗಿಕೊಂಡಿದ್ದೆ. ಮೊನ್ನೆ ಶನಿವಾರ ಮಾತ್ರ ನುಂಗಲಾಗಲಿಲ್ಲ. ಭಾನುವಾರ ನಮ್ಮಣ್ಣನ ಮನೆಯವರು ಇಡ್ಲಿಗೆ ಬರುವವರಿದ್ದರು. ಬೆಳಿಗ್ಗೆಯೇ ಅಕ್ಕಿ, ಉದ್ದು ನೆನೆಸಿಟ್ಟು, ಮಧ್ಯಾಹ್ನ ಊಟ ಮುಗಿಸಿ ರುಬ್ಬೋಣವೆಂದು ಹಿತ್ತಲ ಕೋಣೆಗೆ ಹೋದೆ. ಗ್ರೈಂಡರಿಲ್ಲ. ಅದಿದ್ದ ಜಾಗದಲ್ಲಿ ನೆಲದ ಮೇಲೆ ದುಂಡನೆಯ ಬಿಳಿ ಗುರುತು ಮಾತ್ರ. ನೋಡಿ, ಈ ಮನೆಯಲ್ಲಿ ಮಂಚ ಅತ್ತೆಯದು, ಬೀರು ಮಾವನದು, ಟಿವಿಯ ರಿಮೋಟು ಇವರದು. ನಾನು ಇಷ್ಟಪಟ್ಟು, ಅಂಗಡಿ ಅಂಗಡಿ ಅಲೆದು, ಕಲ್ಲನ್ನು ಕೈಯಿಂದ ಸವರಿ ಆರಿಸಿ ತಂದದ್ದು ಆ ಗ್ರೈಂಡರೊಂದೇ. ಅದರಲ್ಲಿ ರುಬ್ಬಿದ ಹಿಟ್ಟಿನ ಇಡ್ಲಿಯನ್ನು ಬೀದಿಯೇ ಹೊಗಳುತ್ತದೆ. ಇವರು ಫೋನು ಎತ್ತಲಿಲ್ಲ. ಮೇಘನಾಗೆ ಮಾಡಿದೆ, ಎತ್ತಿದಳು. "ಅಯ್ಯೋ, ಅಂಕಲ್ ನಿಮಗೆ ಹೇಳ್ಲಿಲ್ವಾ ಆಂಟಿ? ಮಲ್ಲೇಶ್ವರದಲ್ಲಿ ನಮ್ ಶೋ, ಇವತ್ತೇ ಓಪನಿಂಗ್. ಗ್ರೈಂಡರ್ ಸೂಪರಾಗಿ ಬಂದಿದೆ, ಬನ್ನಿ ಆಂಟಿ!"

ನನ್ನ ಗ್ರೈಂಡರು ಎಷ್ಟು ಸೂಪರಾಗಿದೆ ಎಂದು ಇವಳಿಂದ ಕೇಳಬೇಕೆ? ಸಿಟ್ಟು ನೆತ್ತಿಗೇರಿತು. ನೆನೆದ ಅಕ್ಕಿ, ಉದ್ದು ಎರಡನ್ನೂ ನೀರು ಬಸಿದು ಬೇರೆ ಬೇರೆ ಪಾತ್ರೆಗೆ ಹಾಕಿ, ತಟ್ಟೆ ಮುಚ್ಚಿ, ಚೀಲದಲ್ಲಿಟ್ಟುಕೊಂಡು ಆಟೋ ಹತ್ತಿದೆ. ಗ್ರೈಂಡರು ಮನೆಗೆ ಬರದಿದ್ದರೆ ಅದು ಇರುವಲ್ಲೇ ಹೋಗಿ ರುಬ್ಬಿಕೊಂಡು ಬರುವುದು. ಇದರಲ್ಲಿ ನನಗೆ ಏನೂ ತಪ್ಪು ಕಾಣಲಿಲ್ಲ. ಮೆಜೆಸ್ಟಿಕ್ ದಾಟುವಾಗ ಟ್ರಾಫಿಕ್ಕಿನಲ್ಲಿ ನಿಂತ ಆಟೋದವನು ತಿರುಗಿ, "ಏನಮ್ಮಾ, ಅಡುಗೆ ಕಾಂಟ್ರಾಕ್ಟಾ?" ಅಂದ. "ಇಲ್ಲಪ್ಪಾ, ಕಲೆ," ಅಂದೆ. ಅವನು ಮುಂದಕ್ಕೆ ತಿರುಗಿ ಕನ್ನಡಿ ಸರಿಮಾಡಿಕೊಂಡ.

ಮಲ್ಲೇಶ್ವರದ ಅಡ್ಡರಸ್ತೆಯಲ್ಲಿ ಒಂದು ಹಳೆಯ ಕೆಂಪು ನೆಲದ ಮನೆಯನ್ನು ಗ್ಯಾಲರಿ ಮಾಡಿದ್ದಾರೆ. ಗೇಟಿನ ಹತ್ತಿರವೇ ನನ್ನ ಗ್ರೈಂಡರಿನ ಗಡಗಡ ಕೇಳಿಸಿತು. ತಾಯಿಗೆ ಮಗುವಿನ ಅಳು ತಿಳಿಯುವ ಹಾಗೆ ತಿಳಿಯಿತು. ಒಳಗೆ ಹೋದರೆ ನಡುಮನೆಯಲ್ಲಿ, ಎತ್ತರದ ಕಟ್ಟೆಯ ಮೇಲೆ, ದೀಪದ ಬೆಳಕಿನಲ್ಲಿ ಅದು ತಿರುಗುತ್ತಿದೆ. ಹತ್ತಿರ ಹೋಗಿ ಇಣುಕಿ ನೋಡಿದೆ. ಒಳಗೆ ಕಪ್ಪಗೆ, ಗಟ್ಟಿಯಾಗಿ, ಗುಳುಗುಳು ಅನ್ನುತ್ತಿತ್ತು. ಎಂಜಿನ್ ಆಯಿಲ್! ಗಾಡಿಯಿಂದ ಇಳಿಸಿದ ಕರಿ ಆಯಿಲ್ಲನ್ನು ನನ್ನ ಕಲ್ಲಿಗೆ ಹೊಯ್ದಿದ್ದರು. ಕಲ್ಲು ಕುಡಿದ ಎಣ್ಣೆ ಎಷ್ಟು ತಿಕ್ಕಿದರೆ ಹೋಗುತ್ತದೆ? ಇನ್ನು ಆ ಕಲ್ಲಿಗೆ ಉದ್ದು ತಾಗಿಸುವಂತಿಲ್ಲ. ಪಾತ್ರೆಗಳ ಚೀಲ ಹಿಡಿದುಕೊಂಡು ನಿಂತ ನನಗೆ ನಿಜವಾಗಿ ಕಣ್ಣಲ್ಲಿ ನೀರು ಬಂತು.

ಪಕ್ಕದಲ್ಲೊಂದು ಫಲಕ. ‘ನಿರಂತರ’ ಎಂದು ಹೆಸರು. ಕೆಳಗೆ ಸಾಮಗ್ರಿ ಎಂದು ಬರೆದು: ಗ್ರೈಂಡರು, ಬಳಸಿದ ಎಂಜಿನ್ ಆಯಿಲ್, ಪತ್ನಿ. ನಾನು ಎರಡು ಸಲ ಓದಿದೆ. ಪತ್ನಿ ಎಲ್ಲಿಂದ ಬಂದಳು ಎಂದು ಯೋಚಿಸುವಷ್ಟರಲ್ಲಿ ಗೋಡೆಯ ಸ್ಪೀಕರಿನಿಂದ ಒಂದು ಹೆಂಗಸಿನ ದನಿ ಹೊರಟಿತು. "ಮನುಷ್ಯರೇನ್ರೀ ನೀವು? ಒದ್ದೆ ಟವೆಲ್ ಹಾಸಿಗೆ ಮೇಲೆ ಹಾಕ್ಬೇಡಿ ಅಂತ ಎಷ್ಟು ಸಲ ಹೇಳ್ಲಿ? ನಾನೇನು ಗೋಡೆ ಜೊತೆ ಮಾತಾಡ್ತಿದೀನಾ? ಗೋಡೆನಾದ್ರೂ ಆಗಾಗ ಸುಣ್ಣ ಉದುರಿಸುತ್ತೆ!" ಯಾರಪ್ಪಾ ಇವಳು ಇಷ್ಟು ಗಟ್ಟಿಗಿತ್ತಿ ಎಂದುಕೊಂಡೆ. ಆಮೇಲೆ ಗೊತ್ತಾಯಿತು, ನಾನೇ. ನನಗೆ ಗೊತ್ತಿಲ್ಲದಂತೆ ಇವರು ಫೋನನ್ನು ಅಡುಗೆಮನೆಯಲ್ಲಿ ಎಲ್ಲೋ ಇಟ್ಟು, ಬೈದದ್ದನ್ನೆಲ್ಲ ರೆಕಾರ್ಡ್ ಮಾಡಿಕೊಂಡಿದ್ದಾರೆ.

ಕೋಣೆ ತುಂಬ ಜನ. ಅವರನ್ನು ನೋಡಿದಾಗ ನನ್ನ ಸಿಟ್ಟು ಇನ್ನೂ ಹೆಚ್ಚಿತು, ಏಕೆಂದರೆ ಅವರು ಕೇಳುತ್ತಿದ್ದರು. ಗಡ್ಡದ ಹುಡುಗರು, ಜುಬ್ಬಾದವರು, ಕನ್ನಡ ಬರುತ್ತದೋ ಇಲ್ಲವೋ ಎನ್ನುವಂಥವರು ಕೂಡ ಕೈಕಟ್ಟಿ, ತಲೆ ಓರೆ ಮಾಡಿ, ಉಸಿರು ಬಿಗಿಹಿಡಿದು ನನ್ನ ಟವೆಲಿನ ವಿಷಯ ಕೇಳುತ್ತಿದ್ದರು. ರೇಷ್ಮೆ ಸೀರೆಯ ಹಿರಿಯರೊಬ್ಬರು, "ಎಷ್ಟು ಸತ್ಯ ಹೇಳ್ತಾರಲ್ವಾ," ಎಂದು ಪಕ್ಕದ ಗಂಡನ ಕಡೆ ತಿರುಗಿದರು. ಆ ಗಂಡನೂ ತಲೆಯಾಡಿಸಿದ. ಯಾರದೋ ಗಂಡಂದಿರಿಗೆಲ್ಲ ಕೇಳಿಸುತ್ತಿದೆ! ಇಷ್ಟು ವರ್ಷ ನನ್ನ ಮನೆಯಲ್ಲಿ ಒಬ್ಬರ ಕಿವಿಗೂ ಬೀಳದ ಮಾತು, ಸ್ಪೀಕರಿನಲ್ಲಿ ಬಂದರೆ ಮಲ್ಲೇಶ್ವರಕ್ಕೆಲ್ಲ ಅರ್ಥವಾಗುತ್ತದೆ.

ಅಷ್ಟರಲ್ಲಿ ಇವರು ಮೂಲೆಯಿಂದ ನಗುತ್ತ ಬಂದರು. "ಬಂದ್ಯಾ? ಹೆಂಗಿದೆ?" ಎಂದರು. ನಾನು ಚೀಲವನ್ನು ಕೆಳಗಿಟ್ಟು ಶುರುಮಾಡಿದೆ. "ಹೆಂಗಿದೆ ಅಂತ ಕೇಳ್ತೀರಾ? ನನ್ ಕಲ್ಲಿಗೆ ಗಾಡಿ ಆಯಿಲ್ ಹುಯ್ಯೋಕೆ ಕೈ ಹೆಂಗ್ರೀ ಬಂತು ನಿಮ್ಗೆ? ಒಂದ್ ಮಾತು ಕೇಳಿದ್ರಾ ನನ್ನ? ನಿಮ್ ಸ್ಕೂಟರ್ ಕತ್ತರಿಸಿದ್ರಿ, ಸುಮ್ನಿದ್ದೆ. ಇದು ನಂದು ಕಣ್ರೀ. ಆ ಮನೇಲಿ ನಂದು ಅಂತ ಇದ್ದಿದ್ದು ಇದೊಂದೇ. ಸಾಮಗ್ರಿಯಂತೆ! ನಾನೇನು ನಿಮ್ ಟೂಲ್‌ಬಾಕ್ಸಲ್ಲಿರೋ ನಟ್ಟಾ, ಬೋಲ್ಟಾ?" ಸ್ಪೀಕರಿನ ನಾನೂ ಒಂದು ಕಡೆ ಬೈಯುತ್ತಿದ್ದೆ. ಯಾರೋ ಹೋಗಿ ಅವಳ ಬಾಯಿ ಮುಚ್ಚಿಸಿದರು, ಇನ್ಯಾರೋ ಗ್ರೈಂಡರು ನಿಲ್ಲಿಸಿದರು.

ಇವರು ಕೇಳಿದರು. ಆಣೆ ಮಾಡಿ ಹೇಳುತ್ತೇನೆ, ಪೂರ್ತಿ ಕೇಳಿದರು. ಆಕಳಿಸಲಿಲ್ಲ, ಮಧ್ಯೆ ಎದ್ದು ಹೋಗಲಿಲ್ಲ. ನನ್ನ ಮುಖವನ್ನೇ ನೋಡುತ್ತ, ಒಂದೊಂದು ಮಾತಿಗೂ ಕಣ್ಣರಳಿಸುತ್ತ ನಿಂತಿದ್ದರು. ಗ್ರೈಂಡರು ಹೋದ ಸಂಕಟದಲ್ಲೂ ನನಗೆ ಒಳಗೊಳಗೇ ಏನೋ ಸಮಾಧಾನವಾಯಿತು. ಅಂತೂ ಮುಟ್ಟಿತಲ್ಲ ಎಂದುಕೊಂಡು ನಿಲ್ಲಿಸಿದೆ. ಆಗ ಅವರು ಎದೆಯ ಹತ್ತಿರ ಹಿಡಿದುಕೊಂಡಿದ್ದ ಫೋನನ್ನು ಮೆಲ್ಲಗೆ ನೋಡಿ, "ಕೊನೇದನ್ನ ಇನ್ನೊಂದ್ಸಲ ಹೇಳ್ತೀಯಾ? ಹೊರಗಡೆ ಯಾವ್ದೋ ಹಾರ್ನ್ ಬಂದ್ಬಿಡ್ತು," ಎಂದರು.

ನೆನೆದ ಉದ್ದನ್ನು ಪಾತ್ರೆಯ ಸಮೇತ ಅವರ ತಲೆಯ ಮೇಲೆ ಸುರಿಯಬೇಕೆನ್ನಿಸಿತು. ಸುರಿದಿದ್ದರೆ ಅದಕ್ಕೂ ಒಂದು ಫಲಕ ಬರೆಯುತ್ತಿದ್ದರು. ಸುತ್ತಲೂ ನೋಡಿದೆ. ಎಲ್ಲರೂ ಕಾಯುತ್ತಿದ್ದರು. ಸೆರಗು ಸರಿಮಾಡಿಕೊಂಡೆ, ಒಮ್ಮೆ ಕೆಮ್ಮಿ ಗಂಟಲು ಸರಿಮಾಡಿಕೊಂಡೆ, ಫೋನಿನ ಹತ್ತಿರಕ್ಕೆ ಒಂದು ಹೆಜ್ಜೆ ಮುಂದೆ ಹೋದೆ, ಮೊದಲಿಂದ ಬೈದೆ. ಮೊದಲ ಸಲ ಸಿಟ್ಟಿನಲ್ಲಿ ಮರೆತಿದ್ದ ಎರಡು ಮಾತನ್ನೂ ಸೇರಿಸಿದೆ.