ಮಗಳ ಕೋರ್ಸುಗಳಿಗೆ ನಾನು ಹಾಕಿದ ಪ್ಲಾನು

ಪ್ಲಾನು ಹಾಕದೆ ನನಗೆ ಹಲ್ಲುಜ್ಜುವುದಕ್ಕೂ ಬರುವುದಿಲ್ಲ. ಇದು ಜಂಬದ ಮಾತಲ್ಲ, ಕಾಯಿಲೆಯ ವಿವರ. ಮಸ್ಕತ್ತಿನ ಒಂದು ಕಟ್ಟಡ ಕಂಪನಿಯ ಪ್ಲಾನಿಂಗ್ ವಿಭಾಗದಲ್ಲಿ ಕುಳಿತು, ಸಿಮೆಂಟು ಯಾವಾಗ ಬರಬೇಕು, ಕಬ್ಬಿಣ ಯಾವಾಗ ಬರಬೇಕು, ಎರಡೂ ಬಾರದಿದ್ದರೆ ಯಾರನ್ನು ಬೈಯಬೇಕು ಎಂದು ಮುಂಚಿತವಾಗಿ ಬರೆದಿಡುವುದು ನನ್ನ ಹೊಟ್ಟೆಪಾಡು. ಈ ಕೆಲಸದಲ್ಲೇ ತಲೆಗೂದಲು ಕಳೆದುಕೊಂಡವನಿಗೆ ಮನೆಗೆ ಬಂದ ಮೇಲೂ ಸುಮ್ಮನೆ ಕೂರಲಾಗುವುದಿಲ್ಲ. ರಜೆಗೆ ಊರಿಗೆ ಹೊರಡುವಾಗ ಪೆಟ್ಟಿಗೆಯ ಯಾವ ಮೂಲೆಯಲ್ಲಿ ಹಾಲಿನ ಪುಡಿ, ಯಾವ ಮೂಲೆಯಲ್ಲಿ ಅತ್ತಿಗೆಯ ಸೆಂಟು ಬಾಟಲಿ ಎಂದು ಮೊದಲೇ ನಿರ್ಧರಿಸಿರುತ್ತೇನೆ. ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ಐರಿನ್ ಇದನ್ನು ಜವಾಬ್ದಾರಿ ಎಂದು ತಿಳಿದು ಸಂತೋಷಪಟ್ಟಿದ್ದಳು. ಈಗ ಆ ಭ್ರಮೆ ಇಲ್ಲ. "ನಿಮ್ಮ ಒಂದು ಬಿಲ್ಡಿಂಗಾದ್ರೂ ಹೇಳಿದ ಟೈಮಿಗೆ ಮುಗಿದದ್ದುಂಟಾ?" ಎಂದು ಕೇಳುತ್ತಾಳೆ. ನಮ್ಮ ಮನೆಯ ಮಾತು ಕೊಂಕಣಿ. ಕನ್ನಡಕ್ಕೆ ತರುವಾಗ ಅವಳ ಮಾತಿನ ಖಾರವನ್ನು ನಾನು ಸ್ವಲ್ಪ ಕಡಿಮೆ ಮಾಡಿದ್ದೇನೆ.

ಇಂಥ ನನ್ನ ಕೈಗೆ ಮಗಳು ರೆನಿಟಾಳ ಓದು ಸಿಕ್ಕಿಬಿಟ್ಟಿತು. ಅವಳಿಗೆ ಸಮುದ್ರ ಜೀವಶಾಸ್ತ್ರ ಓದುವ ಆಸೆ. ಸಹಮ್‌ನಲ್ಲಿ ಅಂಗಡಿ ಇಟ್ಟಿರುವ ನನ್ನ ಭಾವನ ಮನೆಗೆ ಹೋದಾಗಲೆಲ್ಲ ಚಿಕ್ಕಂದಿನಲ್ಲಿ ಅವಳು ಕಡಲ ಬದಿಗೆ ಓಡಿ, ಮೀನುಗಾರರು ಬಲೆ ಬಿಡಿಸುವುದನ್ನು ನೋಡುತ್ತ ಕೂತುಬಿಡುತ್ತಿದ್ದಳು. ನಾವು ಮಂಗಳೂರು ಕಡೆಯ ಕ್ಯಾಥೊಲಿಕರು, ಮೀನು ಕಂಡರೆ ನಮಗೆ ಮಸಾಲೆ ನೆನಪಾಗುತ್ತದೆ. ಅವಳಿಗೆ ಮಾತ್ರ ಅದರ ಕಿವಿರು ಹೇಗೆ ಕೆಲಸ ಮಾಡುತ್ತದೆ ಎಂಬ ಪ್ರಶ್ನೆ ಹುಟ್ಟುತ್ತಿತ್ತು. ಮಸ್ಕತ್ತಿನಿಂದ ಹೊರಟು ಬರ್ಕಾ ಊರು ದಾಟಿದ ಮೇಲೆ ಸಿಗುವ ಒಂದು ಯೂನಿವರ್ಸಿಟಿಯಲ್ಲಿ ಆ ವಿಷಯ ಕಲಿಸುತ್ತಾರೆ. ಮೊದಲ ವರ್ಷದಿಂದಲೇ ಅಲ್ಲಿ ಓದಿಸುವ ತ್ರಾಣ ನನ್ನ ಸಂಬಳಕ್ಕಿರಲಿಲ್ಲ. ಆದ್ದರಿಂದ ಎರಡು ವರ್ಷ ಅಲ್ ಅಜೈಬಾದ ನಮ್ಮ ಮನೆಗೆ ಹತ್ತಿರದ ಸಣ್ಣ ಕಮ್ಯುನಿಟಿ ಕಾಲೇಜು, ಆಮೇಲೆ ಯೂನಿವರ್ಸಿಟಿಯ ಮೂರನೇ ವರ್ಷಕ್ಕೆ ವರ್ಗಾವಣೆ ಎಂದು ತೀರ್ಮಾನವಾಯಿತು.

ಇದರಲ್ಲಿ ಒಂದು ತಕರಾರಿದೆ. ಮೀನನ್ನು ಓದಲು ಹೊರಟವರು ಮೀನನ್ನಷ್ಟೇ ಓದಿಕೊಂಡು ಬಂದರೆ ಯೂನಿವರ್ಸಿಟಿಗೆ ಸಮಾಧಾನವಿಲ್ಲ. ಮನುಷ್ಯನಿಗೆ ಎಲ್ಲವೂ ಸ್ವಲ್ಪ ಸ್ವಲ್ಪ ಗೊತ್ತಿರಬೇಕಂತೆ. ಇದಕ್ಕೆ ಜನರಲ್ ಎಜುಕೇಶನ್ ಎಂದು ಹೆಸರು. ಗಣಿತ ಒಂದು ಗುಂಪು, ವಿಜ್ಞಾನ ಒಂದು ಗುಂಪು, ಇತಿಹಾಸ ಮತ್ತು ಸಮಾಜ ಇನ್ನೊಂದು, ಹಾಗೆಯೇ ಭಾಷೆ, ಕಲೆ. ಪ್ರತಿ ಗುಂಪಿನಿಂದಲೂ ಇಂತಿಷ್ಟು ಕೋರ್ಸು ಮುಗಿಸಿದ್ದರೆ ಮಾತ್ರ ಮೂರನೇ ವರ್ಷಕ್ಕೆ ಸೇರಿಸಿಕೊಳ್ಳುತ್ತಾರೆ. ಮೂರು ಸಲ ಅನ್ನವನ್ನೇ ಬಡಿಸಿಕೊಂಡು, ಪಲ್ಯವೂ ಇದರಲ್ಲೇ ಸೇರಿತು ಎಂದು ಏಳುವಂತಿಲ್ಲ. ಇಷ್ಟು ಸರಳವಾದ ವಿಷಯ ಆಗ ನನಗೆ ಗೊತ್ತಿರಲಿಲ್ಲ. ಗೊತ್ತಿದೆ ಎಂಬ ಧೈರ್ಯ ಮಾತ್ರ ಬೇಕಾದಷ್ಟಿತ್ತು.

ಆ ಧೈರ್ಯ ಎಲ್ಲಿಂದ ಬಂತು ಎಂದರೆ, ಇಗರ್ಜಿಯ ಅಂಗಳದಿಂದ. ಒಮಾನಿನಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಹಾಗಾಗಿ ನಮ್ಮ ಭಾನುವಾರದ ಪೂಜೆಗೂ ಶುಕ್ರವಾರವೇ ಹೋಗುತ್ತೇವೆ. ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಚಾ, ಸಮೋಸದ ಜೊತೆ ನಿಜವಾದ ಸಭೆ ಸೇರುತ್ತದೆ. ಡ್ರೈವಿಂಗ್ ಲೈಸೆನ್ಸಿನಿಂದ ಹಿಡಿದು ಸಕ್ಕರೆ ಕಾಯಿಲೆಯವರೆಗೆ ಅಲ್ಲಿ ಸಿಗದ ಸಲಹೆಯಿಲ್ಲ. ಪರದೇಶದಲ್ಲಿ ಇದ್ದೂ ಇದ್ದೂ ನಮಗೊಂದು ಅಭ್ಯಾಸವಾಗಿದೆ. ಸಂಬಂಧಪಟ್ಟ ಕಚೇರಿಯನ್ನು ಕೇಳುವ ಮೊದಲು ಅಂಗಳವನ್ನು ಕೇಳುತ್ತೇವೆ, ಅಂಗಳ ಹೇಳಿದ ಮೇಲೆ ಕಚೇರಿಯ ಕಡೆ ತಲೆ ಹಾಕುವುದಿಲ್ಲ. ನನಗೆ ಸಿಕ್ಕಿದವರು ಅಂಗಳಕ್ಕೆಲ್ಲ ಹಿರಿಯರಾದ ಫೆಲಿಕ್ಸಾಬ್. ಅವರ ಮಗ ಅದೇ ಕಾಲೇಜಿನಲ್ಲಿ ಓದಿದವನು.

"ನೋಡು ಅಲೆಕ್ಸ್, ಕೋರ್ಸು ಅಂದ್ರೆ ಸ್ಕೋರಿಂಗ್ ಇರ್ಬೇಕು ಮಾರಾಯ," ಎಂದರು ಫೆಲಿಕ್ಸಾಬ್, ಸಮೋಸವನ್ನು ನನ್ನ ಮುಖದ ಮುಂದೆ ಆಡಿಸುತ್ತ. "ಒಮಾನ್ ಚರಿತ್ರೆ, ಗಲ್ಫ್ ಸಮಾಜ, ಅರಬ್ ನಾಗರಿಕತೆ. ನಮ್ಮ ಹುಡುಗನಿಗೆ ಮೂರರಲ್ಲೂ ಎ ಗ್ರೇಡ್. ಮತ್ತೆಂತ ಬೇಕು? ಖಲಾಸ್!"

ಸ್ಕೋರಿಂಗ್ ಎಂಬ ಶಬ್ದ ಕಿವಿಗೆ ಬಿದ್ದರೆ ನಮ್ಮ ತಲೆಮಾರಿನ ತಂದೆಯಂದಿರಿಗೆ ಮೈಮೇಲೆ ಬಂದಂತಾಗುತ್ತದೆ. ನಾನು ಅಂದೇ ಕಂಪ್ಯೂಟರಿನಲ್ಲಿ ಎರಡು ವರ್ಷದ ಪ್ಲಾನು ತಯಾರಿಸಿ, ಗುಂಪಿಗೊಂದು ಬಣ್ಣ ಹಾಕಿ ಮಗಳ ಮುಂದಿಟ್ಟೆ. ಬಣ್ಣಗಳಲ್ಲಿ ಒಂದು ಕಡಿಮೆಯಿದೆ ಎಂದು ಬಣ್ಣ ಹಾಕಿದವನಿಗೇ ಹೊಳೆಯಲಿಲ್ಲ.

"ಪಪ್ಪಾ, ಐ ವಾಂಟ್ ಟು ಟೇಕ್ ಡ್ರಾಯಿಂಗ್," ಎಂದಳು ರೆನಿಟಾ.

"ಎಂತಕ್ಕೆ, ಮೀನಿನ ಚಿತ್ರ ಬಿಡಿಸ್ಲಿಕ್ಕಾ?"

"ಯೆಸ್, ಆಕ್ಚುವಲಿ."

"ಅದಕ್ಕೆ ಕಾಲೇಜು ಬೇಕಾ? ಪೆನ್ಸಿಲ್ ತೆಕ್ಕೊಂಡು ಮನೆಯಲ್ಲೇ ಬಿಡಿಸು. ಯಾರು ಬೇಡ ಅಂತಾರೆ?" ಎಂದೆ. ಕಾಲೇಜಿನ ಸಲಹೆಗಾರರನ್ನು ಒಮ್ಮೆ ಕೇಳೋಣ ಎಂದು ಅವಳು ಹೇಳಿದಳು. "ಕೇಳುವಾ," ಎಂದೆ. ನಮ್ಮ ಕಡೆ ತಂದೆಯಾದವನು 'ಕೇಳುವಾ' ಎಂದರೆ ಕೇಳುವುದಿಲ್ಲ ಎಂದೇ ಅರ್ಥ. ಅವಳು ನನ್ನ ಪ್ಲಾನಿನಂತೆಯೇ ಹೆಸರು ಕೊಟ್ಟಳು. ಮೂರು ಸ್ಕೋರಿಂಗ್ ಕೋರ್ಸುಗಳಲ್ಲೂ ಎ ಗ್ರೇಡ್ ತೆಗೆದಳು, ನಾನು ಅಂಗಳದಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

ಕೊನೆಯ ಸೆಮಿಸ್ಟರು ಶುರುವಾದ ವಾರ, ವರ್ಗಾವಣೆಯ ಅರ್ಜಿಗೆ ಸಹಿ ಹಾಕಬೇಕೆಂದು ಕಾಲೇಜಿನಿಂದ ಕರೆ ಬಂತು. ಭಾನುವಾರ ಬೆಳಿಗ್ಗೆ ಆಫೀಸಿಗೆ ತಡವಾಗಿ ಬರುತ್ತೇನೆಂದು ಹೇಳಿ ಮಗಳ ಜೊತೆ ಹೋದೆ. ಸಲಹೆಗಾರ್ತಿ ಶಂಸಾ ಎಂಬ ಒಮಾನಿ ಹೆಣ್ಣುಮಗಳು, ಬಹಳ ಮೆದುಮಾತಿನವರು. "ನಿಮ್ಮ ಮಗಳು ನಮ್ಮ ದೇಶದ ಇತಿಹಾಸವನ್ನು ನನಗಿಂತ ಚೆನ್ನಾಗಿ ಓದಿದ್ದಾಳೆ," ಎಂದು ಇಂಗ್ಲಿಷಿನಲ್ಲಿ ಹೇಳಿ ನಕ್ಕರು. ನಾನೂ ನಕ್ಕೆ. "ಆದರೆ ಆ ಗುಂಪಿನಿಂದ ಯೂನಿವರ್ಸಿಟಿ ಎರಡು ಕೋರ್ಸುಗಳನ್ನಷ್ಟೇ ತೆಗೆದುಕೊಳ್ಳುತ್ತದೆ. ಮೂರನೆಯದು ಲೆಕ್ಕಕ್ಕಿಲ್ಲ. ಕಲೆಯ ಗುಂಪಿನಲ್ಲಿ ಏನೂ ಇಲ್ಲ. ಈ ಸೆಮಿಸ್ಟರಿನಲ್ಲಿ ಒಂದು ಕಲೆಯ ಕೋರ್ಸು ಮುಗಿಸದಿದ್ದರೆ ವರ್ಗಾವಣೆ ಮುಂದಿನ ವರ್ಷವೇ." ನನ್ನ ನಗು ಎಲ್ಲಿ ನಿಲ್ಲಬೇಕೆಂದು ಗೊತ್ತಾಗದೆ ಮುಖದಲ್ಲೇ ಸ್ವಲ್ಪ ಹೊತ್ತು ಉಳಿಯಿತು.

ಒಂದು ವರ್ಷ ತಾನೇ ಎಂದು ಊರಿನಲ್ಲಿರುವವರಿಗೆ ಅನಿಸಬಹುದು. ಗಲ್ಫಿನಲ್ಲಿರುವವನಿಗೆ ಮುಂದಿನ ವರ್ಷ ಎಂಬುದು ತನ್ನ ಸ್ವಂತದ್ದಲ್ಲ. ನಮ್ಮ ವೀಸಾಕ್ಕೆ ಹೊಣೆಯಾದ ಕಫೀಲನಿಗೆ ಮನಸ್ಸಿದ್ದು, ಕಂಪನಿಗೆ ಕೆಲಸವಿದ್ದರೆ ವೀಸಾ ಮುಂದುವರಿಯುತ್ತದೆ, ಇಲ್ಲದಿದ್ದರೆ ಇಲ್ಲ. ನಮ್ಮ ಆಫೀಸಿನಲ್ಲಿ ಆಗಲೇ ಎರಡು ಮೇಜು ಖಾಲಿಯಾಗಿದ್ದವು. ನಾನಿಲ್ಲಿ ಇರುವಷ್ಟು ಕಾಲವೇ ಅವಳಿಗೆ ಈ ಓದು. ಆ ಕಾಲದಲ್ಲಿ ಒಂದು ವರ್ಷವನ್ನು ನಾನು ಸಮೋಸ ತಿನ್ನುತ್ತ ಕಳೆದುಹಾಕಿದ್ದೆ. ಕಾರಿನಲ್ಲಿ ಕೂತು ಫೆಲಿಕ್ಸಾಬರಿಗೆ ಫೋನು ಮಾಡಿ, ನಿಮ್ಮ ಮಗ ಇದೇ ಕೋರ್ಸು ಇಟ್ಟುಕೊಂಡು ಹೇಗೆ ವರ್ಗಾವಣೆಯಾದ ಎಂದು ಕೇಳಿದೆ.

"ಅವನೆಲ್ಲಿ ವರ್ಗಾವಣೆ ಆದ ಮಾರಾಯ? ಎರಡು ವರ್ಷ ಮುಗಿಸಿ ಕಾರಿನ ಶೋರೂಮಿಗೆ ಕೆಲಸಕ್ಕೆ ಸೇರಿದ ಅಲ್ವಾ? ಅದನ್ನು ನೀನು ಕೇಳ್ಲೇ ಇಲ್ಲ," ಎಂದರು. ನಿಜ, ನಾನು ಕೇಳಿರಲಿಲ್ಲ.

ಹಗಲಿನ ಚಿತ್ರಕಲೆ ಕ್ಲಾಸು ತುಂಬಿಹೋಗಿತ್ತು. ಉಳಿದದ್ದು ಸಂಜೆಯದು. ಅದು ಕೆಲಸಕ್ಕೆ ಹೋಗುವವರಿಗೂ ತೆರೆದಿರುವ ತರಗತಿ, ಯಾರು ಬೇಕಾದರೂ ಸೇರಬಹುದು. ಆದರೆ ಇಂತಿಷ್ಟು ಜನ ಆಗದಿದ್ದರೆ ನಡೆಸುವುದಿಲ್ಲ. ರೆನಿಟಾ ಹೆಸರು ಕೊಟ್ಟ ಮೇಲೂ ಒಬ್ಬರು ಕಡಿಮೆ. ಗುರುವಾರ ಮಧ್ಯಾಹ್ನದೊಳಗೆ ಆ ಒಬ್ಬರು ಬಾರದಿದ್ದರೆ ತರಗತಿ ರದ್ದು ಎಂದರು ಶಂಸಾ.

ಆ ವಾರ ನಾನು ಪಟ್ಟ ಪಾಡು ಯಾರಿಗೂ ಬೇಡ. ಆಫೀಸಿನಲ್ಲಿ ಗೋಡೆ ಏಳುವ ಮೊದಲೇ ಬಣ್ಣ ಬಳಿಯುವ ಪ್ಲಾನು ಹಾಕಿಕೊಟ್ಟು ಮ್ಯಾನೇಜರರಿಂದ ಉಗಿಸಿಕೊಂಡೆ. ಗುರುತಿದ್ದವರಿಗೆಲ್ಲ ಫೋನು ಮಾಡಿದೆ. ಪಕ್ಕದ ಮೇಜಿನ ಮಲಯಾಳಿ ಗೆಳೆಯ ನನ್ನನ್ನು ಒಂದು ಥರ ನೋಡಿ, ಮನೆಯಲ್ಲಿ ಎಲ್ಲ ಸೌಖ್ಯವೇ ಎಂದು ಕೇಳಿದ. ಸಹಮ್‌ನ ಭಾವ, "ಅಂಗಡಿಗೆ ಬೀಗ ಹಾಕಿ ಚಿತ್ರ ಕಲೀಲಿಕ್ಕೆ ಮಸ್ಕತ್ತಿಗೆ ಬರ್ಬೇಕಾ ಭಾವ?" ಎಂದರು. ಫೆಲಿಕ್ಸಾಬರ ಮಗನನ್ನಾದರೂ ಕಳಿಸಿ ಎಂದು ಅಂಗಲಾಚಿದೆ. "ಚಿತ್ರವಾ? ಅದು ಸ್ಕೋರಿಂಗ್ ಅಲ್ಲ ಮಾರಾಯ," ಎಂದುಬಿಟ್ಟರು. ಇವೆಲ್ಲಕ್ಕಿಂತ ಕಷ್ಟವಾದದ್ದು ಮನೆ. ಮಗಳು ಕೂಗಾಡಿದ್ದರೆ ನಾನೂ ಕೂಗಾಡಿ ಹಗುರಾಗುತ್ತಿದ್ದೆ. ಅವಳು "ಇಟ್ಸ್ ಓಕೆ, ಪಪ್ಪಾ," ಎಂದು ಹೇಳಿ ಕೋಣೆಯ ಬಾಗಿಲನ್ನು ಸದ್ದಾಗದಂತೆ ಹಾಕಿಕೊಂಡಳು. ಆ ಸದ್ದಿಲ್ಲದ ಬಾಗಿಲು ನನ್ನ ಎದೆಗೇ ಬಡಿದಂತಾಯಿತು.

ಗುರುವಾರ ಬೆಳಿಗ್ಗೆ ನಾನು ತಿಂಡಿ ಬಿಟ್ಟು ಫೋನಿನಲ್ಲಿ ಹೆಸರು ಹುಡುಕುತ್ತಿದ್ದೆ. ಐರಿನ್ ಚಾದ ಲೋಟ ಮೇಜಿನ ಮೇಲೆ ಕುಕ್ಕಿದಳು.

"ಇಡೀ ಮಸ್ಕತ್ತಿನಲ್ಲಿ ಜನ ಹುಡುಕ್ತಾ ಇದ್ದೀರಲ್ಲ. ನೀವು ಜನ ಅಲ್ವಾ?"

"ನಾನಾ? ನಂಗೆ ಆಫೀಸುಂಟು."

"ಕ್ಲಾಸಿರುದು ಸಂಜೆ. ನಂಗೆ ಸಂಜೆ ಕ್ಲಿನಿಕ್ಕಿನ ಡ್ಯೂಟಿ ಇಲ್ಲದಿದ್ರೆ ನಾನೇ ಸೇರ್ತಿದ್ದೆ."

"ನಂಗೆ ಚಿತ್ರ ಬರುದಿಲ್ಲ ಮಾರಾಯ್ತಿ."

"ಬರ್ತಿದ್ರೆ ಕ್ಲಾಸು ಎಂತಕ್ಕೆ?"

ನಾನು ಫೋನು ಕೆಳಗಿಟ್ಟು ಟೈ ಕಟ್ಟಿಕೊಂಡೆ. ಆಫೀಸಿನ ಮೀಟಿಂಗು ಎಳೆದೂ ಎಳೆದೂ ಮುಗಿಯುವಷ್ಟರಲ್ಲಿ ಹೊತ್ತೇರಿತ್ತು. ಹೆದ್ದಾರಿಗೆ ಬಂದರೆ ಯಾವುದೋ ಲಾರಿ ಕೆಟ್ಟು ನಿಂತು ಸಾಲುಗಟ್ಟಿದ ಕಾರುಗಳು. ನಾನು ಗಡಿಯಾರ ನೋಡುವುದು, ಲಾರಿಯನ್ನು ಶಪಿಸುವುದು, ಶಪಿಸಿದ್ದಕ್ಕೆ ದೇವರ ಕ್ಷಮೆ ಕೇಳುವುದು ಇಷ್ಟನ್ನೇ ಮಾಡುತ್ತ ತೆವಳಿದೆ. ಕಾಲೇಜಿನ ಮೆಟ್ಟಿಲು ಏರುವಾಗ ಏದುಸಿರು ಬಂದು ಕಣ್ಣು ಕತ್ತಲಿಟ್ಟಿತು. ಕೌಂಟರಿನಲ್ಲಿದ್ದ ಒಮಾನಿ ತರುಣ ನಮಾಜಿಗೆ ಹೊರಡಲು ಕಂಪ್ಯೂಟರು ಮುಚ್ಚುತ್ತಿದ್ದ.

"ಯಾರ ಅಡ್ಮಿಷನ್ ಬಾಬಾ? ಮಗನದ್ದಾ?" ಎಂದು ಹಿಂದಿಯಲ್ಲಿ ಕೇಳಿದ.

"ನನ್ನದೇ," ಎಂದೆ. ಆ ಸ್ವರ ನನ್ನದೆಂದು ನನಗೇ ನಂಬಲಾಗಲಿಲ್ಲ.

ಅವನು ನನ್ನ ಬೋಳುತಲೆ, ಬೆವರು, ಆಫೀಸಿನ ಟೈ ಎಲ್ಲವನ್ನೂ ಒಮ್ಮೆ ನೋಡಿದ. ಮತ್ತೆ ಕುರ್ಚಿ ಎಳೆದು ಕೂತ. "ಯಲ್ಲಾ, ಬೇಗ, ಐಡಿ ಕಾರ್ಡು ಕೊಡಿ," ಎಂದ. ಆ ಹುಡುಗನಿಗೆ ಒಳ್ಳೆಯದಾಗಲಿ.

ಮೊದಲ ಸಂಜೆ ತರಗತಿಯಲ್ಲಿ ನಾನೂ ಮಗಳೂ ಅಕ್ಕಪಕ್ಕ ಕುಳಿತೆವು. ಅಪ್ಪನನ್ನು ಕಾಲೇಜಿಗೆ ಕರೆತಂದ ಹುಡುಗಿಯ ಸಂಕಟ ಅವಳ ಕಿವಿಯ ಕೆಂಪಿನಲ್ಲಿ ಕಾಣುತ್ತಿತ್ತು. ಸುಡಾನಿನ ಮೇಷ್ಟ್ರು, ವಯಸ್ಸಾದವರು, ಪಾಠ ಗೀಠ ಮಾಡದೆ ಎಲ್ಲರಿಗೂ ಕಾಗದ ಹಂಚಿ, "ಪಕ್ಕದವರ ಮುಖ ಬಿಡಿಸಿ. ಮೊದಲು ಚೆನ್ನಾಗಿ ನೋಡಿ, ಆಮೇಲೆ ಗೆರೆ ಎಳೆಯಿರಿ," ಎಂದರು. ನಾನು ರೆನಿಟಾಳ ಕಡೆ ತಿರುಗಿದೆ. ಬೇರೆ ದಾರಿಯಿಲ್ಲದ್ದರಿಂದ ನೋಡಿದೆ. ಚಿಕ್ಕಂದಿನ ತುಂಬುಗೆನ್ನೆ ಹೋಗಿ ಮೂಳೆಯ ಗೆರೆ ಎದ್ದಿತ್ತು. ಗಲ್ಲ ನನ್ನ ಅಮ್ಮನದು. ಕಣ್ಣ ಕೆಳಗೆ ಆ ವಾರ ನಿದ್ದೆಗೆಟ್ಟ ಗುರುತು. ಎರಡು ವರ್ಷ ನಾನು ಅವಳ ಗ್ರೇಡು ನೋಡಿದ್ದೆ, ಅವಳ ಕೋರ್ಸುಗಳ ಬಣ್ಣ ನೋಡಿದ್ದೆ, ಮುಖ ನೋಡಿರಲಿಲ್ಲ. ಹುಡುಗಿ ನನ್ನ ಕಣ್ಣೆದುರೇ ದೊಡ್ಡವಳಾಗಿದ್ದಳು. ನನಗೆ ಬಹಳ ನಾಚಿಕೆಯಾಯಿತು, ದುಃಖವೂ ಆಯಿತು. ಪೆನ್ಸಿಲ್ ಚೂಪು ಮಾಡುವ ನೆಪದಲ್ಲಿ ಎದ್ದು ಹೋಗಿ ಮೂಗು ಒರೆಸಿಕೊಂಡು ಬಂದೆ. ಮೇಷ್ಟ್ರು ಸಮಯ ಮುಗಿಯಿತು ಎಂದಾಗ ಅವಳು ಬಗ್ಗಿ ನನ್ನ ಕಾಗದ ನೋಡಿದಳು.

"ಪಪ್ಪಾ, ದಿಸ್ ಈಸ್ ಎ ಪೊಟೇಟೊ," ಎಂದು ನಕ್ಕಳು. ಆ ಭಾನುವಾರದ ನಂತರ ಅವಳು ನಕ್ಕದ್ದು ಅದೇ ಮೊದಲು.

ಆಮೇಲೆ ಸೆಮಿಸ್ಟರಿಡೀ ಒಂದು ಸಂಜೆಯನ್ನೂ ನಾನು ತಪ್ಪಿಸಲಿಲ್ಲ. ಒಬ್ಬ ಬಿಟ್ಟರೆ ತರಗತಿ ನಿಂತೀತು ಎಂಬ ಹೆದರಿಕೆಯಲ್ಲಿ ಜ್ವರವಿದ್ದ ದಿನವೂ ಹೋಗಿ ಒಂದು ಹೂಜಿಯನ್ನು ಬಿಡಿಸಿ ಬಂದೆ. ಅದು ಹೂಜಿ ಎಂದು ನಾನೇ ಹೇಳಬೇಕಾಯಿತು. ನನ್ನಂಥ ಸಾರ್ವಜನಿಕರಿಗೆ ಗ್ರೇಡು ಕೊಡುವ ಪದ್ಧತಿಯಿಲ್ಲದ್ದು ಕಾಲೇಜಿನ ದೊಡ್ಡ ಗುಣ. ಕೊನೆಯ ಪರೀಕ್ಷೆಗೆ ಪ್ರತಿಯೊಬ್ಬರೂ ಒಂದು ಮುಖಚಿತ್ರ ಒಪ್ಪಿಸಬೇಕಿತ್ತು. ರೆನಿಟಾ ನನ್ನದನ್ನೇ ಬಿಡಿಸಿದ್ದಳು. ಮೇಷ್ಟ್ರು ಅದನ್ನು ಎತ್ತಿಹಿಡಿದು, ಎರಡು ಹುಬ್ಬುಗಳ ನಡುವಿನ ಗಂಟನ್ನು ಬೆರಳಿನಿಂದ ತೋರಿಸಿ, "ಈ ಮನುಷ್ಯ ಏನೂ ಆಗದೆಯೇ ಹೆದರಿಕೊಂಡಿದ್ದಾನೆ. ಇಷ್ಟು ಭಯವನ್ನು ಇಷ್ಟು ಕಡಿಮೆ ಗೆರೆಯಲ್ಲಿ ತರುವುದು ಸುಲಭವಲ್ಲ," ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಅವಳಿಗೆ ಎ ಗ್ರೇಡ್ ಬಂತು. ಮುಂದಿನ ತಿಂಗಳು ವರ್ಗಾವಣೆಯ ಪತ್ರವೂ ಬಂತು. ನಾನು ಅಷ್ಟು ತಲೆ ಕೆಡಿಸಿಕೊಂಡು ಆರಿಸಿಕೊಟ್ಟ ಮೂರನೆಯ ಸ್ಕೋರಿಂಗ್ ಕೋರ್ಸು ತಮಗೆ ಬೇಡವೆಂದು ಯೂನಿವರ್ಸಿಟಿಯವರು ಕೈಬಿಟ್ಟಿದ್ದರು. ನನ್ನ ಹುಬ್ಬಿನ ಗಂಟನ್ನು ಮಾತ್ರ ಚಕಾರವೆತ್ತದೆ ಒಪ್ಪಿಕೊಂಡಿದ್ದರು.