ಮೇಜು ಓರಣ ಮಾಡಿದ ತಪ್ಪಿಗೆ

ಕೆಲಸದ ಜಾಗ ಓರಣವಾಗಿದ್ದರೆ ಮನಸ್ಸೂ ಓರಣವಾಗಿರುತ್ತದೆ ಎಂದು ಬುದ್ಧಿ ಹೇಳುವವರು ಬಹಳ ಜನ. ಅವರಲ್ಲಿ ಒಬ್ಬರೂ ಪತ್ರ ಬರಹಗಾರರಿರಲಾರರು ಎಂದು ನನ್ನ ಅನುಮಾನ. ಚನ್ನಪಟ್ಟಣದಲ್ಲಿ ಜನರ ಜಮೀನಿನ ಪತ್ರ ಬರೆದುಕೊಡುವುದು ನನ್ನ ಕಸುಬು. ನನ್ನ ಮೇಜಿನ ಕಾಗದದ ರಾಶಿ ಕಂಡವರು ಅದರೊಳಗೆ ಕೋಳಿ ಮರಿ ಮಾಡಿರಬೇಕು ಎಂದು ನಗುತ್ತಾರೆ. ನಗಲಿ. ಯಾರ ಕಾಗದ ಎಲ್ಲಿದೆ ಎಂದು ನಾನು ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ವರ್ಷಕ್ಕೊಮ್ಮೆ, ಆಯುಧಪೂಜೆಯ ಹಿಂದಿನ ದಿನ ಮಾತ್ರ ನನಗೆ ಬುದ್ಧಿ ಕೆಡುತ್ತದೆ. ಈ ಸಲ ಸ್ವಲ್ಪ ಜಾಸ್ತಿಯೇ ಕೆಟ್ಟಿತು. ಮೇಜು ಒರೆಸಿ ಕುಂಕುಮ ಇಟ್ಟೆ, ಪೆನ್ನಿಗೂ ಪ್ರಿಂಟರಿಗೂ ಹೂವು ಮುಡಿಸಿದೆ, ಬೇಡದ ಕಾಗದವನ್ನೆಲ್ಲ ಚೀಲಕ್ಕೆ ತುಂಬಿ ಅಕ್ಕೂರಿನ ಮನೆಗೆ ಹೊತ್ತೊಯ್ದೆ. ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತೇವೆ. ತಟ್ಟೆಗೆ ಹಾಸಲು ಕಾಗದ ಎಷ್ಟಿದ್ದರೂ ಸಾಲದು. "ಇಷ್ಟ್ ದಿನಕ್ಕೆ ಮನೆಗೆ ಉಪ್ಯೋಗ ಆಗೋದು ಒಂದ್ ತಂದ್ರಿ" ಎಂದು ಹೆಂಡತಿ ಜಯಮ್ಮ ಹೊಗಳಿದಳು. ಆ ಖುಷಿಯಲ್ಲಿ ಎರಡು ದಿನ ತೇಲಿದೆ.

ಮೂರನೆಯ ದಿನ ನಮ್ಮೂರಿನ ಬೋರೇಗೌಡರು ಫೋನ್ ಮಾಡಿದರು. ತಮ್ಮನೊಂದಿಗೆ ಜಮೀನು ಭಾಗ ಮಾಡಿಕೊಳ್ಳಬೇಕೆಂದು ತಮ್ಮ ತಾತನ ಕಾಲದ ಕ್ರಯಪತ್ರವನ್ನು ನನಗೆ ಕೊಟ್ಟಿದ್ದರು. "ನಾಡಿದ್ದು ಬತ್ತೀನಿ ಕಣಪ್ಪ. ನಮ್ ತಾತನ್ ಪತ್ರ ಜ್ವಾಪಾನವಾಗೈತೆ ತಾನೆ?"

"ಐತೆ, ಐತೆ" ಎನ್ನುತ್ತಲೇ ಮೇಜಿನತ್ತ ನೋಡಿದೆ. ಮೇಜು ಫಳಫಳ ಹೊಳೆಯುತ್ತಿತ್ತು. ಅದರ ಮೇಲೆ ಗೌಡರ ಪತ್ರ ಇರಲಿಲ್ಲ. ಮನೆಗೆ ಹೊತ್ತ ಚೀಲ ನೆನಪಾಯಿತು. ನಕಲು ಬೇಕಾದರೆ ಸಿಗುತ್ತದೆ. ಆ ಪತ್ರದ ಮೂಲೆಯಲ್ಲಿದ್ದ ತಾತನ ಹೆಬ್ಬೆಟ್ಟನ್ನು ಎಲ್ಲಿಂದ ತರಲಿ? ಆ ಮುದುಕನದೊಂದು ಫೋಟೋ ಕೂಡ ಇಲ್ಲ, ಉಳಿದಿರುವುದು ಆ ಗುರುತೊಂದೇ ಎಂದು ಗೌಡರು ಕೊಡುವಾಗಲೇ ಹೇಳಿದ್ದರು.

ಮನೆಗೆ ಓಡಿ, ತಟ್ಟೆಯ ಕಾಗದ ಒಂದು ಸಲ ನೋಡಬೇಕು ಎಂದೆ. ಏಕೆಂದು ಹೇಳಲಿಲ್ಲ. ಹೇಳಿದರೆ ಜನ್ಮಪೂರ್ತಿ ಕೇಳಿಸಿಕೊಳ್ಳಬೇಕಲ್ಲ. ಜಯಮ್ಮ ಹುಳುಮನೆಯ ಬಾಗಿಲಿಗೆ ಅಡ್ಡ ನಿಂತಳು. "ಹುಳ ಜ್ವರಕ್ಕೆ ಕುಂತವೆ. ಈಗ ಅಲ್ಲಾಡ್ಸಿದ್ರೆ ಬೆಳೆ ಕೈಬುಟ್ಟೋಯ್ತದೆ. ನಾಡಿದ್ದು ಎದ್ ಮ್ಯಾಲೆ ನೋಡೀರಂತೆ." ಪೊರೆ ಕಳಚುವ ಮುನ್ನ ಹುಳು ಸೊಪ್ಪು ಬಿಟ್ಟು, ತಲೆ ಎತ್ತಿಕೊಂಡು ಅಲುಗದೆ ಕೂರುವುದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾನೂ ಊಟ ಬಿಟ್ಟು ಹಾಗೆಯೇ ಕೂತೆ. ಮರುದಿನ ಕೆಲಸ ಮುಗಿಸಿ ಊರಿಗೆ ಬರುವಾಗ, ಬಸ್ಸು ಗೌಡರ ಮನೆ ಎದುರೇ ನಿಲ್ಲುತ್ತದೆಂದು ಒಂದು ಸ್ಟಾಪ್ ಮೊದಲೇ ಇಳಿದು, ಹಿಪ್ಪುನೇರಳೆ ತೋಟದ ಬದುವಿನ ಮೇಲೆ ಕಳ್ಳನ ಹಾಗೆ ನಡೆದೆ. ಎದುರಿಗೆ ಬಂದ ಅವರ ಎಮ್ಮೆಗೂ ಮುಖ ತೋರಿಸಲಾಗಲಿಲ್ಲ.

ಅದರ ಮರುದಿನ ಬೆಳಿಗ್ಗೆ ಹುಳು ಎದ್ದವು. ಹಿಕ್ಕೆ ಮೆತ್ತಿದ ಕಾಗದಗಳನ್ನು ಒಂದೊಂದಾಗಿ ತಿರುವಿದೆ. ಕ್ರಯಪತ್ರ ಇರಲಿಲ್ಲ. ಕೊನೆಗೆ ನಿಜ ಬಾಯಿಬಿಟ್ಟೆ. ಜಯಮ್ಮ ಒಳಗೆ ಹೋಗಿ ದೇವರ ಗೂಡಿನಿಂದ ಪತ್ರ ತಂದಳು. "ಸೀಲು, ಹೆಬ್ಬೆಟ್ಟು ಇರೋ ಕಾಗ್ದಾನ ಹುಳಕ್ಕೆ ಹಾಸ್ತಾರೇನ್ರೀ? ಬಾಯ್ಬುಟ್ ಕೇಳಿದ್ರೆ ಅವತ್ತೇ ಕೊಡ್ತಿದ್ನಲ್ಲ!"

ಮಧ್ಯಾಹ್ನ ಗೌಡರು ಚನ್ನಪಟ್ಟಣಕ್ಕೆ ಬಂದರು. ಪತ್ರವನ್ನು ಕಣ್ಣಿಗೊತ್ತಿಕೊಂಡು, ಹೊಳೆಯುವ ಮೇಜನ್ನು ಸವರಿ ನೋಡಿದರು. "ಎಷ್ಟ್ ಒಪ್ಪವಾಗಿ ಮಡಗಿದ್ದೀಯಪ್ಪ! ನಮ್ಮನೇಲಿ ಇಲಿ ಕಾಟ. ಇದು ನಿನ್ ತಾವೇ ಇರ್ಲಿ ಕಣಪ್ಪ, ನಂಗೂ ಧೈರ್ಯ" ಎಂದು ಅದನ್ನು ನನ್ನ ಕೈಗೇ ಇಟ್ಟು ಹೊರಟರು. ಸಂಜೆ ಪತ್ರವನ್ನು ಜಯಮ್ಮನಿಗೆ ಒಪ್ಪಿಸಿದೆ. ಎಲ್ಲಿಡುತ್ತೀಯ ಎಂದು ಮಾತ್ರ ಕೇಳಲಿಲ್ಲ. ಗೊತ್ತಾದರೆ ಮುಂದಿನ ಆಯುಧಪೂಜೆಗೆ ಆ ಜಾಗವನ್ನೂ ನಾನು ಒಪ್ಪ ಮಾಡಿಬಿಟ್ಟೇನು.